ಪಾಂಬಬ್ಬೆಯ ಮೂವತ್ತು ವರ್ಷ

ತರೀಕೆರೆಯ ನಮ್ಮಜ್ಜಿಗೆ ಈಗ ಎಂಬತ್ತೇಳು. "ಸಾವಿಗೇನೂ ಹೆದರಿಕೆ ಇಲ್ಲ ಕಣಪ್ಪಾ, ಸಾಯೋದಕ್ಕೇ ಹೆದರಿಕೆ. ಹಾಸಿಗೆ ಹಿಡೀದಂಗೆ ಹೋದ್ರೆ ಸಾಕು" ಅಂತ ವರ್ಷಗಳಿಂದ ಹೇಳ್ತಿದ್ದಾರೆ. ವಯಸ್ಸಾದವರ ಮಾತು ಅಂತ ನಾನು ತಲೆಗೆ ಹಾಕಿಕೊಂಡಿರಲಿಲ್ಲ. ಇದೇ ವ್ಯತ್ಯಾಸದ ಮೇಲೆ ಜನ ಇಡೀ ಬದುಕನ್ನೇ ಕಟ್ಟಿಕೊಂಡಿದ್ದರು, ಅದೂ ನಮ್ಮ ಸೀಮೆಯಲ್ಲೇ, ಅನ್ನುವುದು ಗೊತ್ತಾಗಿದ್ದು ಕಡೂರಿನ ಒಂದು ಶಾಸನದಿಂದ.

ನಮ್ಮಲ್ಲಿ ಹೆಚ್ಚಿನವರಿಗೆ ಕಡೂರು ಅಂದರೆ ಚಿಕ್ಕಮಗಳೂರಿಗೆ ಟ್ರೆಕ್ಕಿಂಗ್ ಹೋಗುವವರು ರೈಲು ಇಳಿಯುವ ಸ್ಟೇಷನ್, ಅಷ್ಟೇ. ಅಲ್ಲಿನ 971ನೇ ಇಸವಿಯ ಶಾಸನ ಪಾಂಬಬ್ಬೆ ಎಂಬ ರಾಜಮನೆತನದ ಹೆಂಗಸಿನದು. ಗಂಗರ ದೊರೆ ಇಮ್ಮಡಿ ಬೂತುಗನ ಅಕ್ಕ. ಅರಮನೆಯ ಸುಖ ಬಿಟ್ಟು, ತಲೆಗೂದಲು ಕೀಳಿಸಿಕೊಂಡು, ಮೂವತ್ತು ವರ್ಷ ಜೈನ ವ್ರತದಲ್ಲಿದ್ದು ತೀರಿಕೊಂಡಳು ಅನ್ನುತ್ತದೆ ಶಾಸನ. ಸತ್ತ ಗಳಿಗೆಯ ವರ್ಣನೆಗಿಂತ ಆ ಮೂವತ್ತು ವರ್ಷದ ಲೆಕ್ಕವೇ ಅದಕ್ಕೆ ಮುಖ್ಯ.

ಆಕೆಯ ತಮ್ಮನ ಮಗ ಇಮ್ಮಡಿ ಮಾರಸಿಂಹನಿಗೆ ಇದಕ್ಕೆಲ್ಲ ಸಮಯ ಸಿಕ್ಕಲಿಲ್ಲ. ಬದುಕೆಲ್ಲ ರಾಷ್ಟ್ರಕೂಟರ ಪರ ಯುದ್ಧ ಮಾಡಿದ. 973ರಲ್ಲಿ ಆ ಸಾಮ್ರಾಜ್ಯವೇ ಕುಸಿಯಿತು. ಮರುವರ್ಷದ ಹೊತ್ತಿಗೆ ಬಂಕಾಪುರದಲ್ಲಿ ಅಜಿತಸೇನ ಗುರುಗಳ ಎದುರು ಸಲ್ಲೇಖನ ಹಿಡಿದು ಮೂರು ದಿನದಲ್ಲಿ ಪ್ರಾಣ ಬಿಟ್ಟ. ಅತ್ತೆಗೆ ಮೂವತ್ತು ವರ್ಷ, ಅಳಿಯನಿಗೆ ಮೂರು ದಿನ.

ಸೋತವನು ಬದುಕಲಾರದೆ ಸತ್ತ, ಇದರಲ್ಲೇನು ದೊಡ್ಡತನ ಅಂತ ಕೇಳಬಹುದು. ಕೇಳಲೇಬೇಕು. ಜೈನ ಆಚಾರ್ಯರೂ ಕೇಳಿಕೊಂಡಿದ್ದರು. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ' ಸಲ್ಲೇಖನವನ್ನು ಕೆಡಿಸುವ ಐದು ದೋಷ ಹೇಳುತ್ತದೆ: ಇನ್ನೂ ಬದುಕಬೇಕೆಂಬ ಆಸೆ, ಬೇಗ ಸಾಯಬೇಕೆಂಬ ಆಸೆ, ಭಯ, ಗೆಳೆಯರ ನೆನಪು, ಮುಂದಿನ ಜನ್ಮದಲ್ಲಿ ಏನಾದರೂ ಸಿಗಲಿ ಎಂಬ ಲೆಕ್ಕಾಚಾರ. ಬೇಗ ಸಾಯೋ ಆತುರವೂ ದೋಷವೇ! ಈ ಪಟ್ಟಿಯಲ್ಲಿ ಸಾವು ಇಲ್ಲ, ಭಯ ಇದೆ. ಅಂದರೆ ಭಯ ಬರುತ್ತೆ ಅಂತ ಒಪ್ಪಿಕೊಂಡೇ ಬರೆದಿದ್ದಾರೆ. ಪಾಂಬಬ್ಬೆಯ ಮೂವತ್ತು ವರ್ಷ ಯಾಕೆ ಬೇಕಾಯ್ತು ಅಂತ ನನಗೆ ಅರ್ಥವಾಗಿದ್ದು ಇಲ್ಲಿ. ಸಮಂತಭದ್ರರೇ ಭಸ್ಮಕ ರೋಗ ಬಂದಾಗ ಸಲ್ಲೇಖನಕ್ಕೆ ಅಪ್ಪಣೆ ಕೇಳಿದ್ದರಂತೆ, ಗುರುಗಳು ಕೊಡಲಿಲ್ಲವಂತೆ. ಕಥೆಯೇ ಇರಬಹುದು, ಆದರೂ ಆ ಗುರು ನನಗೆ ಇಷ್ಟ.

ಹೆದರದೆ ಸತ್ತವರ ಇನ್ನೊಂದು ಬಗೆಯೂ ನಮ್ಮಲ್ಲಿದೆ. ತರೀಕೆರೆ ಪಕ್ಕದ ಅಮೃತಾಪುರದ ಅಮೃತೇಶ್ವರ ಗುಡಿಯನ್ನು 1196ರಲ್ಲಿ ಕಟ್ಟಿಸಿದ್ದು ವೀರಬಲ್ಲಾಳನ ದಂಡನಾಯಕ ಅಮಿತ. ಅಲ್ಲಿನ ಶಾಸನ ಬರೆದವನು ಕವಿ ಜನ್ನ. ಅದೇ ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಕುವರ ಲಕ್ಷ್ಮ ಎಂಬ ದಂಡನಾಯಕ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಅವನ ಪಡೆಯವರು ಒಡೆಯನ ಜೊತೆಗೇ ಸಾಯುವ ಪ್ರತಿಜ್ಞೆ ಪೂರೈಸಿದರು. ಹಳೇಬೀಡಿನ ಕಂಬದಲ್ಲಿ ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರ ಕೆತ್ತನೆ ಇದೆ. ಟೂರಿಸ್ಟ್‌ಗಳು ಫೋಟೋ ತೆಗೀತಾರೆ. ನನಗೆ ಮಾತ್ರ ಅದನ್ನು ನೋಡಿದರೆ ಹೊಟ್ಟೆ ತೊಳಸುತ್ತದೆ. ಆ ಸಾಲಿನಲ್ಲಿ ನಿಂತವನೊಬ್ಬನಿಗೆ "ನಂಗೆ ಭಯ ಆಗ್ತಿದೆ" ಅನ್ನೋಕೆ ಆಗ್ತಿತ್ತಾ?

ಈ ಜಗಳ ಇನ್ನೂ ಮುಗಿದಿಲ್ಲ. ಜೈನರ ಸಂಥಾರ ಆತ್ಮಹತ್ಯೆಗೆ ಸಮ ಅಂತ 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಹೇಳಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2018ರಲ್ಲಿ ಅದೇ ಸುಪ್ರೀಂ ಕೋರ್ಟ್, ಗುಣವಾಗುವ ಆಸೆಯೇ ಇಲ್ಲದಾಗ ಯಂತ್ರಗಳ ಮೇಲೆ ಇಡಬೇಡಿ ಅಂತ ಮೊದಲೇ ಬರೆದಿಡುವ ಹಕ್ಕನ್ನು ಒಪ್ಪಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದರ ಜಾರಿಗೆ ಆದೇಶ ಹೊರಡಿಸಿತು.

ಪೇಪರ್‌ನಲ್ಲಿ ಅದನ್ನು ಓದಿ ಅಜ್ಜಿ ನನಗೆ ಫೋನ್ ಮಾಡಿದರು: "ಆ ಕಾಗದ ನನಗೂ ಬರ್ಕೊಡು." ತನಗೆ ಮಾತು ಹೋದರೆ ತೀರ್ಮಾನ ತಗೊಳ್ಳುವವರ ಹೆಸರು ಅದರಲ್ಲಿ ಬರೆಯಬೇಕು. ಅಜ್ಜಿ ಹೇಳಿದ್ದು ಅಜ್ಜಂಪುರದ ನಮ್ಮ ಮಾವನ ಹೆಸರು. ಮಾವ ಕೇಳಿದ್ದೇ ತಡ, "ಅಮ್ಮ ಗಟ್ಟಿಯಾಗಿದ್ದಾರೆ, ಇದೆಂಥ ಅಪಶಕುನದ ಮಾತೋ" ಅಂತ ಫೋನ್ ಇಟ್ಟರು. ನಾನೂ ಏನು ಕಮ್ಮಿಯಿಲ್ಲ, ಫಾರಂ ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ನಾಲ್ಕು ತಿಂಗಳಿಂದ ಇದೆ. ಅಜ್ಜಿಯೊಬ್ಬರೇ ಆರಾಮಾಗಿ, "ಸಹಿ ಯಾವತ್ತು ಹಾಕಿಸ್ತೀಯ?" ಅಂತ ಕೇಳ್ತಿರ್ತಾರೆ.

ಬೀರೂರಿನಲ್ಲಿ ಲೈನು ಎರಡಾಗುತ್ತದೆ. ಒಂದು ತರೀಕೆರೆ ಕಡೆ, ಇನ್ನೊಂದು ಅಜ್ಜಂಪುರದ ಕಡೆ. ಬರುವ ಭಾನುವಾರ ಮೊದಲು ಅಜ್ಜಂಪುರಕ್ಕೆ ಹೋಗೋಣ ಅಂತಿದ್ದೀನಿ.