ಭೀಮಾತೀರದ ಹಾಡುವ ಮೇಳಗಳು

ಹಾಡುವವರು ತಂಡ ಕಟ್ಟಿಕೊಂಡು ಊರಿಂದೂರಿಗೆ ಸಂಚಾರ ಹೊರಡುವ ಪದ್ಧತಿ ಎಲ್ಲ ದೇಶಗಳಲ್ಲಿಯೂ ಉಂಟು. ಯುರೋಪು ಖಂಡದಲ್ಲಿ ಬೇಸಗೆ ಬಂತೆಂದರೆ ಗಾಯಕವೃಂದಗಳು ಒಂದು ನಗರದ ಇಗರ್ಜಿಯಿಂದ ಇನ್ನೊಂದು ನಗರದ ಸಭಾಭವನಕ್ಕೆ ಹಾಡುತ್ತ ಸಾಗುತ್ತವೆ. ಇಂಥ ಸಂಚಾರಗಳಲ್ಲಿ ಚರಿತ್ರೆಯ ವಿದ್ಯಾರ್ಥಿ ಮರೆಯಲಾರದ್ದು ಅಮೆರಿಕದ ಫಿಸ್ಕ್ ವಿದ್ಯಾಲಯದ ತಂಡದ ಸಂಚಾರ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಜನರಿಗಾಗಿ 1866ರಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಸ್ಥಾಪನೆಯಾದ ಆ ಶಾಲೆ ಹಣವಿಲ್ಲದೆ ಮುಚ್ಚುವ ಸ್ಥಿತಿಗೆ ಬಂದಿತ್ತು. ಆಗ, 1871ರಲ್ಲಿ, ಒಂಬತ್ತು ಮಂದಿ ವಿದ್ಯಾರ್ಥಿಗಳು ಹಾಡಿ ಹಣ ಕೂಡಿಸಲು ಹೊರಟರು. ಆ ತಂಡ 1873ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿತು; ಮುಂದೆ ಹಾಲೆಂಡು, ಜರ್ಮನಿಗಳನ್ನೂ ಸುತ್ತಿ 1878ರವರೆಗೆ ಸಂಚಾರವನ್ನು ನಡೆಸಿತು. ಗಳಿಸಿದ ಹಣದಿಂದ ವಿದ್ಯಾಲಯಕ್ಕೊಂದು ಭವ್ಯ ಕಟ್ಟಡವೇ ಎದ್ದು ನಿಂತಿತು. ಅದಕ್ಕಿಂತ ಹೆಚ್ಚಿನ ಫಲವೆಂದರೆ, ಹೊಲಗಳಲ್ಲಿ ದುಡಿಯುತ್ತ ಗುಲಾಮರು ಹಾಡಿಕೊಳ್ಳುತ್ತಿದ್ದ, ಬಹುಮಟ್ಟಿಗೆ ಬರಹಕ್ಕೆ ಇಳಿಯದಿದ್ದ ಹಾಡುಗಳು ಜಗತ್ತಿನ ಕಿವಿಗೆ ಬಿದ್ದವು. 1872ರಲ್ಲಿ ಸ್ವರಲಿಪಿಯೊಡನೆ ಅಚ್ಚಾದವು.

ಈ ಮಾತನ್ನು ಮೊದಲಿಗೇ ಎತ್ತಿಕೊಂಡುದಕ್ಕೆ ಕಾರಣವುಂಟು. ಅದೇ ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿಯೂ ಹೊಲದಲ್ಲಿ ದುಡಿಯುವ ಜನರು ಮೇಳ ಕಟ್ಟಿಕೊಂಡು ಹಾಡುತ್ತ ತಿರುಗುತ್ತಿದ್ದರು. ಅವರ ಎದುರಿಗೆ ರಾಣಿಯರು ಕುಳಿತಿರಲಿಲ್ಲ. ಟಿಕೀಟು ಇರಲಿಲ್ಲ, ವೃತ್ತಪತ್ರಿಕೆಯ ವರದಿ ಇರಲಿಲ್ಲ. ಆದರೂ ಅವರು ಹಾಡಿದ ತತ್ವಪದಗಳು ಇಂದಿಗೂ ಬದುಕಿವೆ. ಬರಹದ ಆಶ್ರಯ ಅತ್ಯಲ್ಪವಾಗಿದ್ದ ಆ ಹಾಡುಗಳನ್ನು ಇಷ್ಟು ಕಾಲ ಕಾಪಾಡಿದವರು ಯಾರು, ಹೇಗೆ ಎಂಬುದು ಇಲ್ಲಿಯ ಪ್ರಶ್ನೆ.

ಮೊದಲು ನೆಲದ ಪರಿಚಯ ಬೇಕು. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮಾನದಿ ಪಂಢರಪುರದ ವಿಠ್ಠಲನ ಪಾದದ ಬಳಿ ಚಂದ್ರಭಾಗೆಯೆಂಬ ಹೆಸರು ಹೊತ್ತು ಹರಿದು, ಕೆಳಗೆ ನಮ್ಮ ಸೀಮೆಗೆ ಬರುತ್ತದೆ. ಆಳಂದದ ಕಡೆಯಿಂದ ಬರುವ ಅಮರ್ಜೆ ಅದನ್ನು ಕೂಡುವುದು ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ. ಹದಿನೈದನೆಯ ಶತಮಾನದ ನರಸಿಂಹ ಸರಸ್ವತಿಯವರ ನೆಲೆಯಾದ ಆ ದತ್ತಕ್ಷೇತ್ರಕ್ಕೆ ಮರಾಠಿ ನಾಡಿನ ಭಕ್ತರು ತಂಡತಂಡವಾಗಿ ಬರುತ್ತಾರೆ. ಆಳಂದದಲ್ಲಿ ಲಾಡ್ಲೇ ಮಶಾಕ್ ಎಂದು ಪ್ರಸಿದ್ಧರಾದ ಸೂಫಿ ಸಂತರ ದರ್ಗಾ ಇದೆ. ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವೇಶ್ವರರು ಕಲಬುರಗಿಯಲ್ಲಿ ನೆಲೆಸಿ ದಾಸೋಹ ನಡೆಸಿದರು. ಹೀಗೆ ಅಭಂಗ, ಖವ್ವಾಲಿ, ವಚನ ಮೂರೂ ಒಂದೇ ಗಾಳಿಯಲ್ಲಿ ತೇಲಿದ ಸೀಮೆಯಿದು. ಮೊಹರಮ್ಮಿನಲ್ಲಿ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳೂ ಇಲ್ಲಿಯ ಬೆಳೆಯೇ.

ನಡೆಯುತ್ತ ಹಾಡುವ ಪರಂಪರೆಗೆ ದೊಡ್ಡ ಮಾದರಿ ನದಿಯ ಮೇಲ್ಭಾಗದಲ್ಲಿತ್ತು. ತುಕಾರಾಮನ ಮಗ ನಾರಾಯಣ ಮಹಾರಾಜರು 1685ರಲ್ಲಿ ಪಾಲಕಿಯೊಡನೆ ಪಂಢರಪುರಕ್ಕೆ ನಡೆಯುವ ಆಷಾಢದ ಯಾತ್ರೆಗೆ ಒಂದು ಕ್ರಮವನ್ನು ಹಾಕಿದರು. ಜ್ಞಾನೇಶ್ವರರ ಪಾಲಕಿ ಹೊರಡುವುದು ಪುಣೆಯ ಬಳಿಯ ಆಳಂದಿಯಿಂದ. ಹೆಸರಿನ ಹೋಲಿಕೆಯಿಂದ ಅದನ್ನು ನಮ್ಮ ಆಳಂದವೆಂದು ತಿಳಿಯುವವರಿದ್ದಾರೆ. ಆದರೆ ಆ ಪಾಲಕಿಗೂ ಕನ್ನಡ ನಾಡಿಗೂ ಬೇರೊಂದು ನಂಟಿದೆ. ಅದರ ಮುಂದೆ ನಡೆಯುವ ಕುದುರೆಗಳು ವರ್ಷವರ್ಷವೂ ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಮನೆತನದಿಂದ ಹೋಗುತ್ತವೆ. ಈ ಯಾತ್ರೆಯಲ್ಲಿ ಹಾಡುವವರ ಒಂದೊಂದು ಗುಂಪಿಗೂ ದಿಂಡಿ ಎಂದು ಹೆಸರು. ತಾಳ, ಮೃದಂಗ, ವೀಣೆಗಳೊಡನೆ ಹೆಜ್ಜೆಯೇ ಲಯವಾಗಿ ನಡೆಯುವ ದಿಂಡಿಗಳಲ್ಲಿ ಭೀಮೆಯ ಕೆಳದಂಡೆಯ ಕನ್ನಡಿಗರೂ ಸೇರುತ್ತ ಬಂದಿದ್ದಾರೆ.

ಈ ವಾತಾವರಣದಲ್ಲಿ, ಹದಿನೆಂಟು-ಹತ್ತೊಂಬತ್ತನೆಯ ಶತಮಾನಗಳ ಸಂಧಿಕಾಲದಲ್ಲಿ, ಕಡಕೋಳ ಮಡಿವಾಳಪ್ಪನವರು ಕಾಣಿಸಿಕೊಂಡರು. ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರು. ನೆಲೆಸಿದ್ದು ಮೊದಲು ಜೇವರ್ಗಿಗೆ ಸೇರಿದ್ದು ಈಗ ಯಡ್ರಾಮಿ ತಾಲ್ಲೂಕಿನಲ್ಲಿರುವ ಕಡಕೋಳ. ಗುರು ಮಹಾಂತನ ಹೆಸರನ್ನೇ ಅಂಕಿತವಾಗಿಟ್ಟುಕೊಂಡು ಅವರು ಹಾಡಿದರು. ಜಾತಿಯ ಕಟ್ಟನ್ನೂ ಆಡಂಬರದ ಪೂಜೆಯನ್ನೂ ಜಂಗಮವೇಷದ ಢಾಂಭಿಕತನವನ್ನೂ ಅವರು ಟೀಕಿಸಿದ್ದು ಪಂಡಿತರ ಭಾಷೆಯಲ್ಲಲ್ಲ, ಭೀಮಾತೀರದ ಒಕ್ಕಲಿಗನ ಆಡುಮಾತಿನಲ್ಲಿ. ಅವರ ಶಿಷ್ಯಬಳಗವನ್ನು ನೋಡಿ: ಖೈನೂರಿನ ಕೃಷ್ಣಪ್ಪ, ತೆಲಗಬಾಳದ ರೇವಪ್ಪ, ಚೆನ್ನೂರಿನ ಜಲಾಲ ಸಾಹೇಬ, ಕಡ್ಲೇವಾಡದ ಸಿದ್ದಪ್ಪ, ರಾಂಪುರದ ಬಕ್ಕಪ್ಪಯ್ಯ. ಊರಿನ ಹೆಸರಿನಿಂದಲೇ ಗುರುತಾಗುವ ಈ ಹಾಡುಗಾರರು ಒಂದು ಕುಲದವರಲ್ಲ, ಒಂದು ಮತದವರೂ ಅಲ್ಲ. ಒಂದೊಂದು ಊರಿಗೂ ಒಬ್ಬೊಬ್ಬ ಕವಿ. ಆ ಕವಿಯ ಸುತ್ತ ಒಂದೊಂದು ಮೇಳ.

ಈ ಮೇಳಗಳ ಸಂಚಾರಕ್ಕೆ ಬೇಸಾಯದ ಪಂಚಾಂಗವೇ ಆಧಾರ. ಕಪ್ಪು ಎರೆಭೂಮಿಯ ಮಳೆಯಾಶ್ರಿತ ಸೀಮೆಯಲ್ಲಿ ತೊಗರಿ ಬಡಿದು, ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ಮೃಗಶಿರಾ ಮಳೆಯವರೆಗೆ ರೈತನಿಗೆ ಬಿಡುವು. ಜಾತ್ರೆಗಳೂ ಅದೇ ಹೊತ್ತಿಗೆ ಗುಂಪಾಗಿ ಬರುತ್ತವೆ. ಹೋಳಿ ಹುಣ್ಣಿಮೆಯ ಐದನೆಯ ದಿನ ಕಲಬುರಗಿಯ ಶರಣಬಸವೇಶ್ವರರ ತೇರು. ಅಲ್ಲಿಂದ ಮುಂದೆ ಊರೂರಿನ ಜಾತ್ರೆ, ಪುಣ್ಯತಿಥಿ, ಉರುಸು. ಬೇಸಗೆಯ ರಾತ್ರಿ ಬಯಲಿನಲ್ಲಿ ಕೂತು ಬೆಳಗಿನವರೆಗೆ ಹಾಡುವುದಕ್ಕೆ ಅನುಕೂಲ. ಮೇಳಕ್ಕೆ ಸಂಭಾವನೆಯೆಂದರೆ ರೊಟ್ಟಿ, ಪುಂಡಿಪಲ್ಯ, ಒಂದು ತೆಂಗಿನಕಾಯಿ, ಹೆಚ್ಚೆಂದರೆ ಒಂದು ಟವೆಲು.

ಹಾಡುವ ಕ್ರಮವನ್ನು ಗಮನಿಸಿದರೆ ಹಾಡು ಉಳಿದುಬಂದ ಗುಟ್ಟು ತಿಳಿಯುತ್ತದೆ. ಮುಮ್ಮೇಳದವನು ಪಲ್ಲವಿಯನ್ನು ಎತ್ತಿಕೊಡುತ್ತಾನೆ. ಹಿಮ್ಮೇಳದವರು ಸಾಲುಸಾಲನ್ನೂ ಮರಳಿ ಹಾಡುತ್ತಾರೆ. ಒಬ್ಬನಿಗೆ ಗೊತ್ತಿದ್ದ ಪದ ಹತ್ತು ರಾತ್ರಿಯಲ್ಲಿ ಹತ್ತು ಮಂದಿಗೆ ಬಾಯಿಪಾಠವಾಗುತ್ತದೆ. ಮುಂದಿನವನು ತೀರಿಕೊಂಡರೆ ಹಿಂದಿನವನು ಮುಂದೆ ಬರುತ್ತಾನೆ. ಎರಡು ಊರಿನ ಮೇಳಗಳು ಎದುರುಬದುರು ಕುಳಿತರೆ ಸವಾಲು-ಜವಾಬು ನಡೆಯುತ್ತದೆ. ಒಬ್ಬರು ಒಗಟಿನಂಥ ಪದದಲ್ಲಿ ಪ್ರಶ್ನೆಯೆಸೆದರೆ ಇನ್ನೊಬ್ಬರು ಪದದಲ್ಲಿಯೇ ಉತ್ತರ ಕೊಡಬೇಕು. ಉತ್ತರ ತಿಳಿಯದೆ ಸೋತ ಮೇಳ ಮುಂದಿನ ಜಾತ್ರೆಗೆ ಆ ಪದವನ್ನು ಹುಡುಕಿ ಕಲಿತು ಬರುತ್ತದೆ. ಕೊನೆಯ ನುಡಿಯ ಅಂಕಿತವು ಕವಿಯ ರುಜುವಿನಂತೆ ನಿಂತು, ಪದ ಯಾರದೆಂಬುದನ್ನು ಓದುಬಾರದವನಿಗೂ ತಿಳಿಸುತ್ತದೆ. ತಾಳೆಗರಿಯ ಕಟ್ಟು ಒಂದು ಮನೆಯಲ್ಲಿದ್ದರೆ ಗೆದ್ದಲಿಗೆ ಒಂದೇ ತುತ್ತು. ಇಪ್ಪತ್ತು ಊರುಗಳ ನಾಲಗೆಯಲ್ಲಿದ್ದರೆ ಅಷ್ಟು ಸುಲಭವಾಗಿ ಅಳಿಯದು.

ಇದರ ರಾಜಕೀಯ ಮಹತ್ವವನ್ನೂ ಇತಿಹಾಸಕಾರರು ಸಾಕಷ್ಟು ಗಮನಿಸಿಲ್ಲ. 1948ರವರೆಗೆ ಈ ಮೂರೂ ತಾಲ್ಲೂಕುಗಳು ನಿಜಾಮರ ರಾಜ್ಯದಲ್ಲಿದ್ದವು. ಪಕ್ಕದ ಸಿಂದಗಿ, ಇಂಡಿಗಳು ಮುಂಬಯಿ ಪ್ರಾಂತದಲ್ಲಿದ್ದವು. ಒಂದು ಕಡೆ ಹಾಲಿ ಸಿಕ್ಕಾ, ಇನ್ನೊಂದು ಕಡೆ ಇಂಗ್ಲಿಷರ ರೂಪಾಯಿ. ನಮ್ಮ ಕಡೆ ಕಚೇರಿಯ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಕನ್ನಡದಲ್ಲಿ ಓದುಬರಹ ಕಲಿಯುವ ಅವಕಾಶ ವಿರಳವಾಗಿದ್ದ ಆ ದಿನಗಳಲ್ಲಿ ಭಜನೆಯ ಗುಡಿಕಟ್ಟೆಯೇ ಎಷ್ಟೋ ಜನರಿಗೆ ಕನ್ನಡದ ಶಾಲೆಯಾಯಿತು. ಖೈನೂರಿನ ಪದ ಜೇವರ್ಗಿಗೂ ಚೆನ್ನೂರಿನ ಪದ ಸಿಂದಗಿಗೂ ಗಡಿ ದಾಟಿ ಹೋಗುತ್ತಿದ್ದಾಗ ಯಾವ ಸರ್ಕಾರವೂ ಅದರ ಮೇಲೆ ಸುಂಕ ಹಾಕಲಿಲ್ಲ. 1956ರ ನವೆಂಬರ್ 1ರಂದು ಭೂಪಟದ ಮೇಲೆ ಒಂದಾದ ನಾಡು ಹಾಡಿನಲ್ಲಿ ಅದಕ್ಕಿಂತ ಬಹಳ ಮುಂಚೆಯೇ ಒಂದಾಗಿತ್ತು.

ನಮ್ಮ ಮೇಳಗಳು ಯುರೋಪಿಗೆ ಹೋಗದಿದ್ದರೂ ಯುರೋಪು ಮೇಳಗಳ ನಡುವೆ ಬಂದು ಕುಳಿತಿತು. 1840ರ ದಶಕದಲ್ಲಿ ಪ್ಯಾರಿಸ್ಸಿನ ದೆಬೆಂ ಎಂಬಾತ ಹಕ್ಕುಪತ್ರ ಪಡೆದ ಹಾರ್ಮೋನಿಯಂ, ಕಲಕತ್ತೆಯಲ್ಲಿ ನೆಲದ ಮೇಲಿಟ್ಟು ಕೈಯಿಂದ ನುಡಿಸುವ ರೂಪ ತಾಳಿ, ನಮ್ಮ ಹಳ್ಳಿಗಳಲ್ಲಿ ಪೇಟಿ ಎನಿಸಿಕೊಂಡಿತು. ಏಕತಾರಿಯ ಪಕ್ಕದಲ್ಲಿ ಪೇಟಿ ಬಂದಾಗ ಧ್ವನಿಗೆ ಬಲ ಬಂತು. ಏಕತಾರಿಗೆ ಹೊಂದಿಕೊಂಡ ಕೆಲವು ಹಳೆಯ ಮಟ್ಟುಗಳು ಮಸುಕಾದವು. 1940ರಲ್ಲಿ ಇದೇ ಆಕಾಶವಾಣಿ ಆ ವಾದ್ಯವನ್ನು ನಿಷೇಧಿಸಿ, ಮೂರು ದಶಕಗಳ ಮೇಲೆ, 1971ರಲ್ಲಿ, ನಿಷೇಧವನ್ನು ಸಡಿಲಿಸಿತು. ಹಳ್ಳಿಯ ಮೇಳಗಳಿಗೆ ಆ ನಿಷೇಧದ ಸುದ್ದಿ ಮುಟ್ಟಿದಂತೆ ಕಾಣುವುದಿಲ್ಲ.

ಅಚ್ಚಿನ ಲೋಕ ಈ ಸೀಮೆಯ ಕಡೆ ಕಣ್ಣು ಹಾಯಿಸಿದ್ದು ತಡವಾಗಿ. ಭೀಮೆಯ ಆಚೆಗಿನ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬೀಸುವ ಕಲ್ಲಿನ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಶಿಶುನಾಳ ಶರೀಫರ ಪದಗಳು ಸಿ. ಅಶ್ವತ್ಥರ ಕಂಠದಿಂದ ಧ್ವನಿಸುರುಳಿಗಳಲ್ಲಿ ನಗರದ ಮನೆಮನೆಗೂ ಮುಟ್ಟಿದವು. ಕಡಕೋಳದ ಪದಗಳಿಗೆ ಅಂಥ ಭಾಗ್ಯ ಬರಲಿಲ್ಲ. ಇತ್ತೀಚಿನ ದಶಕಗಳಲ್ಲಿ ಕಲಬುರಗಿಯ ಮೀನಾಕ್ಷಿ ಬಾಳಿಯವರಂಥ ಸಂಶೋಧಕರು ಈ ಪರಂಪರೆಯನ್ನು ಅಭ್ಯಾಸ ಮಾಡಿದರು, ಎಸ್. ನಟರಾಜ ಬೂದಾಳು ಅವರ ಸಂಪಾದಕತ್ವದಲ್ಲಿ ನಾಡಿನ ತತ್ವಪದಗಳೆಲ್ಲ ಸಂಪುಟಗಳಾಗಿ ಬಂದುದು ಕನ್ನಡಕ್ಕೆ ದೊಡ್ಡ ಉಪಕಾರ.

ಆದರೂ ಒಂದು ಎಚ್ಚರದ ಮಾತು ಅವಶ್ಯ. ಅಚ್ಚಾದ ಪದಕ್ಕೆ ಒಂದೇ ಪಾಠ. ಮೇಳದ ಪದಕ್ಕೆ ಊರಿಗೊಂದು ಪಾಠ. ಅಚ್ಚಿಗೆ ಹೋಗುವ ದಾರಿಯಲ್ಲಿ ಆಡುಮಾತು ಗ್ರಾಂಥಿಕಕ್ಕೆ ಹೊರಳುವ ಅಪಾಯವಿದೆ. ಮಟ್ಟಂತೂ ಪುಟದ ಮೇಲೆ ಇಳಿಯುವುದೇ ಇಲ್ಲ. ಫಿಸ್ಕ್ ತಂಡದ ಹಾಡುಗಳನ್ನು ಸ್ವರಲಿಪಿಗೆ ಇಳಿಸಿದವರೇ ಆ ಹಾಡುಗಳ ಬಳುಕು ಲಿಪಿಗೆ ಪೂರ್ಣ ಸಿಕ್ಕುವುದಿಲ್ಲವೆಂಬುದನ್ನು ಅನುಭವಿಸಿದರು. ಇನ್ನೂ ಮುಖ್ಯವಾದ ನಷ್ಟ ಬೇರೆಯದು. ಜಲಾಲ ಸಾಹೇಬನ ಪದಕ್ಕೆ ಲಿಂಗವಂತನು ದನಿಗೂಡಿಸಿ, ಮಡಿವಾಳಪ್ಪನ ಪದವನ್ನು ಮುಸಲ್ಮಾನನು ಎತ್ತಿಕೊಡುವ ಸಮಾನತೆ ಪದದ ಅರ್ಥದಲ್ಲಿ ಎಷ್ಟಿದೆಯೋ, ಒಂದೇ ಕಂಬಳಿಯ ಮೇಲೆ ಜೊತೆಯಾಗಿ ಕುಳಿತು ಹಾಡುವ ಆ ಕ್ರಮದಲ್ಲಿಯೂ ಅಷ್ಟೇ ಇದೆ. ಪುಸ್ತಕವನ್ನು ಒಬ್ಬೊಬ್ಬರೇ ಓದುತ್ತೇವೆ.

ಆದ್ದರಿಂದ ಸಂಪುಟಗಳು ಕಪಾಟಿಗೆ ಬಂದವೆಂದು ನಾವು ನಿಶ್ಚಿಂತರಾಗಲಾಗದು. ಅಫಜಲಪುರ, ಜೇವರ್ಗಿ, ಆಳಂದಗಳ ಹಳ್ಳಿಗಳಲ್ಲಿ ಅಮಾವಾಸ್ಯೆಯ ಭಜನೆ ಇನ್ನೂ ನಿಂತಿಲ್ಲ. ಕೆಲವೆಡೆ ಹೆಣ್ಣುಮಕ್ಕಳೂ ಮೇಳ ಕಟ್ಟಿದ್ದಾರೆ. ಹಿರಿಯರ ಕಂಠದಲ್ಲಿರುವ ಮಟ್ಟುಗಳನ್ನು ಧ್ವನಿಮುದ್ರಿಸಿಕೊಳ್ಳುವುದು ವಿಶ್ವವಿದ್ಯಾಲಯಗಳ ಕೆಲಸ. ಸುಗ್ಗಿ ಮುಗಿದ ಮೇಲೆ ಮೇಳವನ್ನು ಊರಿಗೆ ಕರೆಸಿ, ರಾತ್ರಿ ಅದರೊಡನೆ ಕುಳಿತು, ಹಿಮ್ಮೇಳದಲ್ಲಿ ಒಂದು ದನಿ ಸೇರಿಸುವುದು ಪಟ್ಟಣದ ಓದುಗರಾದ ನಮ್ಮೆಲ್ಲರಿಂದ ಸಾಧ್ಯವಾಗುವ ಕೆಲಸ. ಇನ್ನೂರು ವರ್ಷ ಹಾಡನ್ನು ಹೊತ್ತು ನಡೆದವರಿಗೆ ಕುಳಿತುಕೊಳ್ಳಲು ಜಾಗ ಕೊಡುವಷ್ಟು ಋಣವಾದರೂ ನಮ್ಮ ಮೇಲಿದೆ.

(ಆಕಾಶವಾಣಿಯ ಕೃಪೆ)