ಐದು ಸಾವಿರ ಕಿಲೋ ಚಿನ್ನ ಮತ್ತು ಒಂದು ಕಾಲುವೆ



ಸೆಪ್ಟೆಂಬರ್ 17ರ ಧ್ವಜಾರೋಹಣಕ್ಕೆ ಒಂದು ವಾರ ಮುಂಚೆ ಒಂಬತ್ತನೇ ತರಗತಿಯ ಹುಡುಗನೊಬ್ಬ ತಾನು ಬರೆದ ಭಾಷಣವನ್ನು ತಿದ್ದಿಕೊಡಲು ನನ್ನ ಬಳಿ ತಂದಿದ್ದ. ಅದರ ಮೊದಲ ಸಾಲು ಹೀಗಿತ್ತು: ಏಳನೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1965ರ ಯುದ್ಧದ ಹೊತ್ತಿನಲ್ಲಿ ದೇಶಕ್ಕೆ 5,000 ಕಿಲೋ ಚಿನ್ನ ದಾನ ಮಾಡಿದರು. ಎಲ್ಲಿ ಓದಿದೆ ಎಂದು ಕೇಳಿದೆ. ಮೊಬೈಲಿನಲ್ಲಿ ಬಂದಿತ್ತಂತೆ. ಅವನ ಪಕ್ಕದಲ್ಲಿ ಕೂರುವ ಹುಡುಗ ತನ್ನ ಮನೆಯ ಮೊಬೈಲಿಗೆ ಬಂದದ್ದನ್ನು ಹೇಳಿದ: ನಿಜಾಮ ನಮ್ಮ ಭಾಗಕ್ಕೆ ಕತ್ತಿ ಬಿಟ್ಟು ಬೇರೇನೂ ಕೊಡಲಿಲ್ಲ. ಇಬ್ಬರೂ ನನ್ನ ಮುಖ ನೋಡಿದರು. "ಸರ್, ಅವರು ಒಳ್ಳೆಯವರಾ, ಕೆಟ್ಟವರಾ?"

ನಾನು ಒಂದು ಪೀರಿಯಡ್ ಉರ್ದು, ಇನ್ನೊಂದು ಪೀರಿಯಡ್ ಕನ್ನಡ ಕಲಿಸುವವನು. ಈ ಪ್ರಶ್ನೆಗೆ ಎರಡು ತರಗತಿಗಳಲ್ಲಿ ಎರಡು ಉತ್ತರ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಮೊದಲು ಚಿನ್ನದ ಮಾತು ಮುಗಿಸೋಣ. 1965ರಲ್ಲಿ ಭಾರತ ಸರಕಾರ ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡುಗಳನ್ನು ಹೊರಡಿಸಿತು. ನಿಜಾಮರು ಅದರಲ್ಲಿ 425 ಕಿಲೋ ಚಿನ್ನ ತೊಡಗಿಸಿದರು. ಅದಕ್ಕಾಗಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರನ್ನು ಅಭಿನಂದಿಸಿದ್ದೂ ಆಗಿನ ಪತ್ರಿಕೆಯಲ್ಲಿದೆ. ಆದರೆ ಅದು ಹೂಡಿಕೆ, ದಾನವಲ್ಲ. ಮಾಹಿತಿ ಹಕ್ಕಿನಡಿ ಕೇಳಿದಾಗ, ರಕ್ಷಣಾ ನಿಧಿಯನ್ನು ನೋಡಿಕೊಳ್ಳುವ ಪ್ರಧಾನಿ ಕಚೇರಿ ಅಂಥ ದಾನದ ಮಾಹಿತಿ ತನ್ನಲ್ಲಿಲ್ಲ ಎಂದು ಉತ್ತರಿಸಿತು. 425 ಕಿಲೋ ಸಣ್ಣ ಮೊತ್ತವಲ್ಲ. ಅದನ್ನು 5,000 ಮಾಡಬೇಕೆಂದು ನಮಗೇಕೆ ಅನಿಸುತ್ತದೆ? ನಮ್ಮ ದೇಶಪ್ರೇಮಕ್ಕೆ ಒಬ್ಬ ಅರಸನ ಜಾಮೀನು ಬೇಕೆಂದು ನಾವೇ ಒಳಗೊಳಗೆ ನಂಬಿಬಿಟ್ಟಿದ್ದೇವೆಯೇ?

ಈ ಅರಸರ ಬಗೆಗೆ ಅವರ ಕಾಲದಲ್ಲೂ ಜನರ ಮುಂದೆ ಇದ್ದದ್ದು ಚಿತ್ರವೇ. 1911ರಲ್ಲಿ ಪಟ್ಟಕ್ಕೆ ಬಂದ ಅವರ ಮುಖವನ್ನು 1937ರ ಫೆಬ್ರವರಿಯಲ್ಲಿ ಅಮೆರಿಕದ ಟೈಮ್ ಪತ್ರಿಕೆ ಮುಖಪುಟದಲ್ಲಿ ಹಾಕಿತು, ಜಗತ್ತಿನ ಅತಿ ಶ್ರೀಮಂತನೆಂದು. ಅದೇ ಮನುಷ್ಯ ಹಳೆಯ ಟೋಪಿ ಬಿಡದ, ಅಗ್ಗದ ಸಿಗರೇಟು ಸೇದುವ ಜಿಪುಣ ಎಂಬ ಕಥೆಯೂ ಜೊತೆಗೇ ಓಡಾಡಿತು. ಎರಡೂ ಕಥೆ ಕೇಳಲು ಚೆಂದ. ಆದರೆ ರಾಯಚೂರು ಜಿಲ್ಲೆಯ ರೈತನ ಹೊಲಕ್ಕೆ ನೀರು ಬಂತೇ, ಅವನ ಮಗ ಯಾವ ಭಾಷೆಯಲ್ಲಿ ಓದಿದ ಎಂಬುದು ಅವುಗಳಲ್ಲಿಲ್ಲ. ಅದಕ್ಕಾಗಿ ಸರಕಾರದ ಹಣ ಎಲ್ಲಿ ಹೋಯಿತು, ಹುಕುಂ ಏನು ಹೇಳಿತು ಎಂದು ನೋಡಬೇಕು. ಅದನ್ನು ನೋಡಲು ಹೈದರಾಬಾದಿಗೆ ಹೋಗಬೇಕಾಗಿಲ್ಲ, ನಮ್ಮ ಮೂರು ಊರು ಸಾಕು.

ಮಸ್ಕಿಯಿಂದ ಶುರು ಮಾಡಿ. 1914ರಲ್ಲಿ ಹೈದರಾಬಾದ್ ಸಂಸ್ಥಾನ ಪುರಾತತ್ವ ಇಲಾಖೆ ತೆರೆಯಿತು. ಮರುವರ್ಷವೇ ಬೀಡನ್ ಎಂಬ ಗಣಿ ಎಂಜಿನಿಯರು ಮಸ್ಕಿಯ ಬೆಟ್ಟದಲ್ಲಿ ಶಾಸನವೊಂದನ್ನು ಕಂಡರು. ಬಂಗಾರ ಹುಡುಕುವ ಕಸುಬಿನವರಿಗೆ ಸಿಕ್ಕದ್ದು ಅಶೋಕ! ಅಲ್ಲಿಯವರೆಗೆ 'ದೇವಾನಾಂಪ್ರಿಯ' ಎಂದಷ್ಟೇ ಗೊತ್ತಿದ್ದ ಅರಸನ ಸ್ವಂತ ಹೆಸರು ಮೊದಲು ಓದಿಗೆ ಸಿಕ್ಕಿದ್ದು ಈ ಬಂಡೆಯಲ್ಲಿ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿದರು. ನಿಜಾಮರ ಪುರಾತತ್ವ ಇಲಾಖೆಯ ಗ್ರಂಥಮಾಲೆಯ ಮೊದಲ ಪುಸ್ತಕವೇ ಮಸ್ಕಿಯ ಶಾಸನದ ಮೇಲಿನದು, 1915ರದು. ಬೌದ್ಧ ಅರಸನ ಮಾತನ್ನು ಮುಸ್ಲಿಂ ಅರಸನ ಖಜಾನೆಯ ಹಣದಲ್ಲಿ ಹಿಂದೂ ವಿದ್ವಾಂಸರು ಅಚ್ಚಿಗೆ ತಂದರು. ಮೊಬೈಲಿನಲ್ಲಿ ಇದು ಬರುವುದಿಲ್ಲ.

ಲಿಂಗಸುಗೂರಿನ ವಿಷಯ ಚಿಕ್ಕದು. ತಾಲ್ಲೂಕಿನ ಹಟ್ಟಿಯಲ್ಲಿ ಇಂದು ನಡೆಯುವ ಚಿನ್ನದ ಗಣಿಯ ಕಂಪನಿ ಹುಟ್ಟಿದ್ದು 1947ರಲ್ಲಿ, ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ. ಚಿನ್ನದ ಮಾತು ಎತ್ತುವವರು ಈ ಚಿನ್ನವನ್ನೂ ನೆನೆಯಬಹುದು. ಇದು ನೆಲದೊಳಗೆ ಇಳಿದು ದುಡಿದವರದು.

ಇನ್ನು ಸಿಂಧನೂರು. ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮಾತು 1860ರಷ್ಟು ಹಳೆಯದು. ನೀರು ಹಂಚಿಕೆಯ ಬಗ್ಗೆ ಮದ್ರಾಸ್ ಮತ್ತು ಹೈದರಾಬಾದ್ ಸರಕಾರಗಳು ಒಪ್ಪಂದಕ್ಕೆ ಬಂದದ್ದು 1944ರಲ್ಲಿ. 1945ರ ಫೆಬ್ರವರಿ 28ರಂದು ಎರಡೂ ದಡಗಳಲ್ಲಿ ಅಡಿಗಲ್ಲು ಬಿತ್ತು. ಆ ಕಡೆ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್, ಈ ಕಡೆ ನಿಜಾಮರ ಹಿರಿಯ ಮಗ, ಬೇರಾರಿನ ರಾಜಕುಮಾರ ಆಜಂ ಜಾಹ್. ಮೂಸಿ ನದಿಯ 1908ರ ಮಹಾಪೂರದ ನಂತರ ಉಸ್ಮಾನ್ ಸಾಗರ, ಹಿಮಾಯತ್ ಸಾಗರ, ಆಮೇಲೆ ಮಂಜೀರಾದ ಮೇಲೆ ನಿಜಾಮ್ ಸಾಗರ ಕಟ್ಟಿದ ಸಂಸ್ಥಾನಕ್ಕೆ ಅಣೆಕಟ್ಟಿನ ಕೆಲಸ ಹೊಸದಾಗಿರಲಿಲ್ಲ. ಆದರೂ ಗಮನಿಸಿ: ಆ ಮೂರೂ ಕನ್ನಡ ಜಿಲ್ಲೆಗಳ ಹೊರಗಿನವು. ನಮ್ಮ ಸರದಿ ಬರುವಾಗ ಆಳ್ವಿಕೆಯ 34 ವರ್ಷ ಕಳೆದಿದ್ದವು. ನೀರು ಹರಿದದ್ದು 1953ರಲ್ಲಿ. ಅಷ್ಟರಲ್ಲಿ ಸಂಸ್ಥಾನವೇ ಇರಲಿಲ್ಲ. ಹಾಗಾಗಿ 'ಕಾಲುವೆ ಕೊಟ್ಟವರು ನಿಜಾಮರು' ಎಂಬುದೂ ಅರ್ಧ, 'ಸ್ವತಂತ್ರ ಸರಕಾರ' ಎಂಬುದೂ ಅರ್ಧ.

ಎಡದಂಡೆ ಕಾಲುವೆ ನಮ್ಮ ಎರೆ ಹೊಲವನ್ನು ಗದ್ದೆ ಮಾಡಿತು. ಆಂಧ್ರದಿಂದ ರೈತರು ಬಂದು ಭೂಮಿ ಕೊಂಡರು, ಅವರ ಕ್ಯಾಂಪುಗಳು ಎದ್ದವು. ಮುಂದೆ ಬಂಗಾಳಿ ನಿರಾಶ್ರಿತರಿಗೂ ಸಿಂಧನೂರು ತಾಲ್ಲೂಕಿನಲ್ಲೇ ಪುನರ್ವಸತಿ ಕ್ಯಾಂಪುಗಳಾದವು. ನೀರು ಎಲ್ಲರಿಗೂ ಮುಟ್ಟಲಿಲ್ಲ. ಮಸ್ಕಿ ಕಡೆಯ ರೈತರು ನಾರಾಯಣಪುರದ 5ಎ ಕಾಲುವೆಗಾಗಿ 2020ರಲ್ಲಿ ಧರಣಿ ಕೂತರು, ಅದೂ ನಮ್ಮ ಚರಿತ್ರೆಯೇ. 2024ರ ಆಗಸ್ಟಿನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಮ್ಮೂರಿನ ಚಹಾ ಅಂಗಡಿಯಲ್ಲಿ ಒಬ್ಬರೂ ಅಣೆಕಟ್ಟು ಯಾರದೆಂದು ಕೇಳಲಿಲ್ಲ. ಭತ್ತದ ಸಸಿ ಮಡಿಯಲ್ಲಿತ್ತು.

ಈಗ ಕಷ್ಟದ ಭಾಗ, ಶಾಲೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವೈದ್ಯ, ಕಾನೂನು, ಭೌತಶಾಸ್ತ್ರಗಳನ್ನು ಉರ್ದುವಿನಲ್ಲಿ ಕಲಿಸಿತು. ಅದಕ್ಕಾಗಿ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆಯೇ ಇತ್ತು. ಇಂಗ್ಲಿಷ್ ಬಿಟ್ಟು ದೇಶಭಾಷೆಯಲ್ಲಿ ಉನ್ನತ ವಿದ್ಯೆ ಸಾಧ್ಯ ಎಂದು ತೋರಿಸಿದ್ದು ದೊಡ್ಡ ಸಾಹಸ. ಉರ್ದು ಶಿಕ್ಷಕನಾಗಿ ನನಗೆ ಅದರ ಹೆಮ್ಮೆಯಿದೆ. ಆದರೆ ಆ ಸಂಸ್ಥಾನದ ಜನರಲ್ಲಿ ನೂರಕ್ಕೆ ಸುಮಾರು 48 ಮಂದಿ ತೆಲುಗರು, 26 ಮಂದಿ ಮರಾಠಿಗರು, 12 ಮಂದಿ ಕನ್ನಡಿಗರು. ಪ್ರಾಥಮಿಕ ಹಂತ ದಾಟಿದ ಮಗು ಉರ್ದುವಿಗೆ ಹೊರಳಬೇಕಿತ್ತು. ಇದರಿಂದ ನಮ್ಮವರಿಗೆ ಲಾಭವಾಯಿತು ಎಂದು ಸುಲಭವಾಗಿ ಹೇಳುತ್ತೇವೆ. ಯಾವ ನಮ್ಮವರಿಗೆ? ನಮ್ಮ ಹಳ್ಳಿಗಳ ಪಿಂಜಾರ, ನದಾಫ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ. 1941ರಲ್ಲೂ ಸಂಸ್ಥಾನದಲ್ಲಿ ನೂರಕ್ಕೆ ಹತ್ತು ಮಂದಿ ಅಕ್ಷರ ಬಲ್ಲವರಿರಲಿಲ್ಲ. ಹತ್ತಿ ಹಿಂಜುವವನ ಮಗನಿಗೆ ಆ ವಿಶ್ವವಿದ್ಯಾಲಯ ಪಕ್ಕದ ಮನೆಯ ಲಿಂಗಾಯತ ಹುಡುಗನಿಗೆ ಎಷ್ಟು ದೂರವೋ ಅಷ್ಟೇ ದೂರ.

ಕನ್ನಡದ ಕೆಲಸ ನಡೆಯಲೇ ಇಲ್ಲವೆಂದಲ್ಲ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಶಾಲೆಗೆ ಇಟ್ಟ ಹೆಸರು 'ಹಮ್‌ದರ್ದ್', ಉರ್ದುವಿನಲ್ಲಿ ನೋವಿನ ಜೊತೆಗಾರ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲೇ ನಡೆಯಿತು. ಆದರೆ ಇವು ಜನರ ಶ್ರಮ, ಖಜಾನೆಯ ಆದ್ಯತೆಯಲ್ಲ. ಗಶ್ತಿ ನಿಶಾನ್ 53 ಎಂಬ ಸುತ್ತೋಲೆಯಂತೆ ಸಭೆ ಸೇರಲು ಮೊದಲೇ ಅಪ್ಪಣೆ ಬೇಕಿತ್ತು. ಅಜಂತಾ ಚಿತ್ರಗಳನ್ನು ಉಳಿಸಲು ಇಟಲಿಯಿಂದ ತಜ್ಞರನ್ನು ಕರೆಸಿದ, ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೂ ಹಣ ಕೊಟ್ಟ ಸರಕಾರವೇ ಇದು. ಉದಾರವಾಗಿ ಕೊಡುವುದು ಬೇರೆ, ಪ್ರಜೆಗೆ ಮಾತಾಡಲು ಬಿಡುವುದು ಬೇರೆ.

ಆ ಬಾಯಿಕಟ್ಟಿನ ಫಲ 1947-48ರಲ್ಲಿ ಕಂಡಿತು. ಸ್ವತಂತ್ರವಾಗಿ ಉಳಿಯುವ ಹಟದಲ್ಲಿ ಸರಕಾರ ಕಾಸಿಂ ರಜ್ವಿಯ ರಜಾಕಾರರನ್ನು ಹದ್ದುಬಸ್ತಿನಲ್ಲಿ ಇಡಲಿಲ್ಲ. ಹಳ್ಳಿಗಳು ಸುಲಿಗೆಗೊಳಗಾದವು, ಜನ ಗಡಿ ದಾಟಿ ಶಿಬಿರಗಳಿಗೆ ಹೋದರು. ಇದನ್ನು ನಮ್ಮ ಮಕ್ಕಳಿಗೆ ನಾವೇ ಹೇಳಬೇಕು. ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಸಾಮಾನ್ಯ ಮುಸ್ಲಿಮರ ಮೇಲೆ ಬಿದ್ದ ಹಿಂಸೆಯನ್ನೂ ಹೇಳಬೇಕು. ಪಂಡಿತ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಹೆಚ್ಚು ನೊಂದ ಜಿಲ್ಲೆಗಳು. ನಿಜಾಮರ ಚಿತ್ರವನ್ನು ಎಂದೂ ಹತ್ತಿರದಿಂದ ನೋಡಿರದವರು ಅದರ ಬೆಲೆ ತೆತ್ತರು. ನಿಜಾಮರೋ 1950ರಿಂದ 1956ರವರೆಗೆ ರಾಜಪ್ರಮುಖರಾಗಿದ್ದರು.

ವಿದ್ಯಾರ್ಥಿಗಳೇ, ಕಾಲೇಜಿಗೆ ಅರ್ಜಿ ಹಾಕುವಾಗ ನೀವು ಕಚೇರಿಗೆ ಓಡಾಡಿ 371(ಜೆ) ಪ್ರಮಾಣಪತ್ರ ಮಾಡಿಸುತ್ತೀರಲ್ಲ, ಅದು ಈ ಕಥೆಯ ಕೊನೆಯ ಕಾಗದ. ಈ ಭಾಗ ಶಿಕ್ಷಣ, ಉದ್ಯೋಗಗಳಲ್ಲಿ ಹಿಂದುಳಿದಿದೆ ಎಂದು ಸಂವಿಧಾನವೇ ಒಪ್ಪಿ 2012ರಲ್ಲಿ ಮಾಡಿದ ತಿದ್ದುಪಡಿ. ಅದರಲ್ಲಿ ನಿಜಾಮರ ಆಳ್ವಿಕೆಯ ಬಾಕಿಯೂ ಇದೆ, ಅನಂತರದ ಅರವತ್ತು ವರ್ಷಗಳ ಬಾಕಿಯೂ ಇದೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾಯಿಸುವುದಕ್ಕೆ ಖರ್ಚು ಕಡಿಮೆ.

ಆ ಹುಡುಗನಿಗೆ ನಾನು ಉತ್ತರ ಹೇಳಲಿಲ್ಲ. ಭಾಷಣದ ಮೊದಲ ಸಾಲು ಹೊಡೆದುಹಾಕಿ, ಅಜ್ಜಿಯನ್ನು ಕೇಳಿಕೊಂಡು ಬಾ ಎಂದೆ. 17ರಂದು ಅವನು ವೇದಿಕೆಯ ಮೇಲೆ ಓದಿದ್ದು ಹೀಗೆ: "ನಮ್ಮ ಹೊಲಕ್ಕೆ ಕಾಲುವೆ ನೀರು ಬಂದ ವರ್ಷ ನಮ್ಮ ಮುತ್ತಜ್ಜ ಮೊದಲ ಸಲ ಭತ್ತ ನಾಟಿ ಮಾಡಿದರು. ಅವರಿಗೆ ಉರ್ದು ಓದಲು ಬರುತ್ತಿರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ. ಪಟ್ಟಿಯ ಮೇಲೆ ಹೆಬ್ಬೆಟ್ಟು ಒತ್ತಿದ್ದಾರೆ."