ರಜಾಯಿಯ ಮೇಲೊಂದು ಮೊಕದ್ದಮೆ

1944ರ ಡಿಸೆಂಬರ್. ಮುಂಬೈಯ ಮನೆಯೊಂದರ ಬಾಗಿಲಿಗೆ ಪೊಲೀಸರು ಬಂದರು. ಮನೆಯೊಡತಿ ಹಸುಗೂಸಿನ ತಾಯಿ. ಬ್ರಿಟಿಷ್ ದೊರೆಯ ಹೆಸರಿನಲ್ಲಿ ಆಕೆಯ ವಿರುದ್ಧ ಮೊಕದ್ದಮೆ ಹೂಡಲಾಗಿತ್ತು. ಆಕೆ ಮಾಡಿದ ಅಪರಾಧ, ಒಂದು ಸಣ್ಣಕತೆ ಬರೆದದ್ದು!

ಆಕೆ ಉರ್ದು ಲೇಖಕಿ ಇಸ್ಮತ್ ಚುಗ್ತಾಯ್. ಕತೆಯ ಹೆಸರು 'ಲಿಹಾಫ್', ಅಂದರೆ ರಜಾಯಿ. ಲಾಹೋರಿನ 'ಅದಬ್-ಎ-ಲತೀಫ್' ಪತ್ರಿಕೆಯಲ್ಲಿ ಅದು ಪ್ರಕಟವಾದದ್ದು 1942ರಲ್ಲಿ.

ಕತೆಯಲ್ಲಿ ಬೇಗಂ ಜಾನ್ ಎಂಬಾಕೆ ವಯಸ್ಸಾದ ನವಾಬನ ಹೆಂಡತಿ. ನವಾಬನ ಮನಸ್ಸೆಲ್ಲ ತನ್ನ ಆಶ್ರಯದಲ್ಲಿರುವ ಹುಡುಗರ ಮೇಲೆ. ಅಂತಃಪುರದಲ್ಲಿ ಒಂಟಿಯಾಗಿ ಕೊರಗುವ ಬೇಗಮಳಿಗೆ ಮೈ ತಿಕ್ಕುವ ಕೆಲಸದಾಕೆ ರಬ್ಬೊ ಒಬ್ಬಳೇ ಆಸರೆ. ಇದನ್ನೆಲ್ಲ ಕಂಡು ಹೇಳುವವಳು ಆ ಮನೆಗೆ ಬಂದ ಒಬ್ಬ ಪುಟ್ಟ ಹುಡುಗಿ. ರಾತ್ರಿ ರಜಾಯಿ ಅಲುಗಾಡಿದರೆ ಅವಳಿಗೆ ಗೋಡೆಯ ಮೇಲೆ ಆನೆಯ ನೆರಳು ಕಾಣುತ್ತದೆ. ಅದು ಏನು ಎಂಬುದು ಅವಳಿಗೆ ತಿಳಿಯದು. ಲೇಖಕಿ ಬಿಡಿಸಿ ಹೇಳುವುದೂ ಇಲ್ಲ.

ಕತೆಯ ಬೇರು ಇದ್ದದ್ದು ಅಲಿಗಢದಲ್ಲಿ. ಅಂತಹ ಊರುಗಳಲ್ಲಿ ದೊಡ್ಡ ಮನೆಗಳ ಗುಟ್ಟು ಎಲ್ಲರಿಗೂ ಗೊತ್ತು. ಆದರೆ ಯಾರೂ ಬಾಯಿ ಬಿಡುವುದಿಲ್ಲ. ಇಸ್ಮತ್ ಬಾಯಿ ಬಿಟ್ಟರು. ಓದುಗರ ಬೈಗುಳದ ಪತ್ರಗಳು ಬಂದವು. ಮನೆಯಲ್ಲಿ ಗಂಡನೊಡನೆ ಜಗಳವಾಯಿತು. ಕ್ಷಮೆ ಕೇಳಿ ಪಾರಾಗಿ ಎಂದು ಹಿತೈಷಿಗಳು ಬುದ್ಧಿ ಹೇಳಿದರು. ಇಸ್ಮತ್ ಒಪ್ಪಲಿಲ್ಲ.

ಆಗಲೇ ಇನ್ನೊಂದು ಕತೆಗಾಗಿ ಸಾದತ್ ಹಸನ್ ಮಂಟೊ ಅವರ ಮೇಲೂ ಲಾಹೋರಿನಲ್ಲಿ ಮೊಕದ್ದಮೆ ನಡೆದಿತ್ತು. ಇಬ್ಬರೂ ಅಲ್ಲಿಗೆ ಹೋದರು. ಆರೋಪ ಅಶ್ಲೀಲತೆಯದು. ಆದ್ದರಿಂದ ಅಶ್ಲೀಲವಾದ ಪದ ಯಾವುದು ಎಂದು ವಕೀಲರು ಸಾಕ್ಷಿಯನ್ನು ಕೇಳಿದರು. ಸಾಕ್ಷಿ ತಡಕಾಡಿ ತೋರಿಸಿದ್ದು 'ಆಶಿಕ್' ಎಂಬ ಪದವನ್ನು. ಪ್ರಿಯಕರ ಎಂಬ ಮಾತೇ ಅಶ್ಲೀಲವಾದರೆ ಉರ್ದು ಕಾವ್ಯದಲ್ಲಿ ಉಳಿಯುವುದೇನು? ಮೊಕದ್ದಮೆ ಬಿದ್ದುಹೋಯಿತು.

ಆದರೂ ಇಸ್ಮತ್ ಅವರಿಗೊಂದು ಅಳುಕಿತ್ತು. ಕತೆಗೆ ಮೂಲವಾದ ಆ ಹೆಂಗಸು ಎದುರಾದರೆ? ವರ್ಷಗಳ ನಂತರ ಅಲಿಗಢದಲ್ಲಿ ಆಕೆ ನಿಜಕ್ಕೂ ಎದುರಾದರು. ಸಿಟ್ಟಾಗಲಿಲ್ಲ; ಬಂದು ತಬ್ಬಿಕೊಂಡರು. ನವಾಬನಿಂದ ತಲಾಖ್ ಪಡೆದು ಮರುಮದುವೆಯಾಗಿದ್ದ ಆಕೆಗೆ ಒಬ್ಬ ಮಗನೂ ಇದ್ದ. ಕತೆ ಬರೆದದ್ದು ಸಾರ್ಥಕವಾಯಿತೆಂದು ಇಸ್ಮತ್ ಅವರಿಗೆ ಅನ್ನಿಸಿದ್ದು ಆಗ. ಇದನ್ನು ಅವರು ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ.

ಇಸ್ಮತ್ 1991ರಲ್ಲಿ ತೀರಿಕೊಂಡರು. ಕತೆ ಸಾಯಲಿಲ್ಲ. ಕನ್ನಡದಲ್ಲಿ, ಸಂಡೂರಿನವರಾದ ವಸುಧೇಂದ್ರ 'ಮೋಹನಸ್ವಾಮಿ' ಸಂಕಲನವನ್ನು 2013ರಲ್ಲಿ ಹೊರತಂದರು. ಗಂಡನ್ನೇ ಪ್ರೀತಿಸುವ ಗಂಡೊಬ್ಬ ಮನೆ, ಮದುವೆ, ಬಂಧುಬಳಗದ ನಡುವೆ ಪಡುವ ಸಂಕಟ ಅಲ್ಲಿದೆ. ಇಲ್ಲಿ ಆನೆಯ ನೆರಳಿಲ್ಲ. ಪ್ರೀತಿಸಿದವನೇ ಎದುರು ನಿಂತು ಮಾತಾಡುತ್ತಾನೆ.

ಅದೇ ವರ್ಷ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ದಂಡಸಂಹಿತೆಯ 377ನೇ ಕಲಮನ್ನು ಎತ್ತಿಹಿಡಿಯಿತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಅದೇ ನ್ಯಾಯಾಲಯ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. 'ಲಿಹಾಫ್' ಅಚ್ಚಾಗಿ ಆಗ 76 ವರ್ಷ ಕಳೆದಿತ್ತು.

ಕಾನೂನು ಬದಲಾಗಿದೆ. ಆದರೆ ಸಣ್ಣ ಊರುಗಳ ಮನೆಗಳಲ್ಲಿ ಆ ರಜಾಯಿಯನ್ನು ಸರಿಸುವ ಧೈರ್ಯ ಎಷ್ಟು ಜನರಿಗಿದೆ?